ಮೆಮೊರಿ ಕಾರ್ಡನ್ನು ನಂಬುವುದು ಹೇಗೆ?

2019ನೆಯ ಇಸವಿಯ ಡಿಸೆಂಬರ್ 26ರ ಬೆಳಗ್ಗೆ ದಕ್ಷಿಣ ಭಾರತದ ಮೇಲೆ ಕಂಕಣ ಸೂರ್ಯಗ್ರಹಣವೊಂದು ಹಾದುಹೋಯಿತು. ನಮ್ಮ ರಾಜ್ಯದಲ್ಲಿ ಮಂಗಳೂರೂ ಕೊಡಗಿನ ದಕ್ಷಿಣ ಭಾಗವೂ ಕಂಕಣದ ಪಥದೊಳಗೆ ಸೇರಿದ್ದವು. ಅದನ್ನು ನೋಡಲೆಂದು ಕೊಡಗಿನ ಕುಟ್ಟ ಗ್ರಾಮಕ್ಕೆ ಹೋಗಿದ್ದವರಲ್ಲಿ ನಾನೂ ಒಬ್ಬ. ನನ್ನೊಡನೆ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳಿದ್ದರು. ಬಂಧುಗಳಿಂದ ಎರವಲು ತಂದ ಒಳ್ಳೆಯ ಕ್ಯಾಮರಾ, ಉದ್ದನೆಯ ಮಸೂರ, ಸೂರ್ಯನ ಪ್ರಖರತೆಯನ್ನು ತಡೆಯುವ ಶೋಧಕ, ಅಲುಗಾಡದ ಮುಕ್ಕಾಲಿ, ಇವೆಲ್ಲವನ್ನೂ ಅವರು ತಿಂಗಳುಗಟ್ಟಲೆ ಶ್ರಮಪಟ್ಟು ಹೊಂದಿಸಿಕೊಂಡಿದ್ದರು. ಹಿಂದಿನ ದಿನವೆಲ್ಲ ಗುಡ್ಡ, ಮರ, ಇಳಿಬಿಸಿಲಿನ ಸೂರ್ಯ ಮುಂತಾದುವನ್ನು ತೆಗೆದು ಕೈ ಪಳಗಿಸಿಕೊಂಡಿದ್ದರು. ಒಂಬತ್ತೂವರೆ ಗಂಟೆಗೆ ತುಸು ಮೊದಲು ಆಕಾಶದಲ್ಲಿ ಬೆಂಕಿಯ ಬಳೆ ಮೂಡಿತು. ಕ್ಯಾಮರಾದ ಹಿಂಬದಿಯ ಪುಟ್ಟ ತೆರೆಯ ಮೇಲೆ ಅದೇ ಬಳೆ ಮೂಡಿದುದನ್ನು ಕಂಡು ಹುಡುಗರು ಕುಣಿದಾಡಿದರು. ಕೆಲವೇ ನಿಮಿಷಗಳಲ್ಲಿ ಬಳೆ ಒಡೆಯಿತು, ಗ್ರಹಣ ಮುಂದೆ ಸಾಗಿತು.

ಮನೆಗೆ ಬಂದು ಗಣಕದಲ್ಲಿ ನೋಡಿದಾಗ ಆರುನೂರು ಚಿತ್ರಗಳ ಹೆಸರುಗಳೇನೋ ಸಾಲಾಗಿ ಕಾಣಿಸಿದವು. ಆದರೆ ಮೊದಲ ಇನ್ನೂರೈವತ್ತರಷ್ಟು ಮಾತ್ರ ತೆರೆದುಕೊಂಡವು. ಉಳಿದುವುಗಳಲ್ಲಿ ಬೂದು ಬಣ್ಣದ ಪಟ್ಟೆಗಳ ಹೊರತು ಏನೂ ಇರಲಿಲ್ಲ. ಅಭ್ಯಾಸಕ್ಕೆಂದು ತೆಗೆದ ಗುಡ್ಡ, ಮರಗಳ ಚಿತ್ರಗಳು ಭದ್ರವಾಗಿ ಉಳಿದಿದ್ದವು. ಕಂಕಣದ ಚಿತ್ರ ಒಂದೂ ಉಳಿದಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವಿಚಾರಿಸಲಾಗಿ, ಕ್ಯಾಮರಾದೊಳಗಿನ ಮೆಮೊರಿ ಕಾರ್ಡನ್ನು ರಸ್ತೆಬದಿಯ ವ್ಯಾಪಾರಿಯೊಬ್ಬನಿಂದ, ಇಬ್ಬರು ಹೋಟೆಲಿನಲ್ಲಿ ಊಟಮಾಡುವಷ್ಟು ಹಣಕ್ಕೆ, ಹೊರಡುವ ಸಂಜೆ ಕೊಂಡುದೆಂದು ತಿಳಿದುಬಂದಿತು. ಅದರ ಮೇಲೆ 128 ಗಿಗಾಬೈಟ್ ಎಂದು ಅಚ್ಚಾಗಿತ್ತು. ಅದರೊಳಗೆ ನಿಜವಾಗಿ ಇದ್ದುದು ಎಂಟೇ ಗಿಗಾಬೈಟ್.

ಆ ಹುಡುಗರನ್ನು ಹೀಯಾಳಿಸುವುದಕ್ಕಾಗಿ ನಾನು ಈ ಕಥೆಯನ್ನು ಹೇಳುತ್ತಿಲ್ಲ. ಮಸೂರವನ್ನು ಪರೀಕ್ಷಿಸಿದರು, ಶೋಧಕವನ್ನು ಪರೀಕ್ಷಿಸಿದರು, ಮುಕ್ಕಾಲಿಯ ತಿರುಪುಗಳನ್ನೂ ಪರೀಕ್ಷಿಸಿದರು. ಕಾರ್ಡನ್ನು ಮಾತ್ರ ನಂಬಿದರು. ನಮ್ಮಲ್ಲಿ ಬಹುಮಂದಿ ಮಾಡುವುದೂ ಇದನ್ನೇ. ಕ್ಯಾಮರಾಕ್ಕೆ ಹತ್ತಾರು ಸಾವಿರ ರೂಪಾಯಿ ಸುರಿದವರು ಕಾರ್ಡಿನ ಬಳಿಗೆ ಬಂದಾಗ ಆನೆಯನ್ನು ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುವರು. ಇಲ್ಲವೆ, ಅತ್ಯಂತ ದುಬಾರಿಯಾದುದನ್ನು ಕೊಂಡು, ಇನ್ನು ಚಿಂತೆಯಿಲ್ಲವೆಂದು ನಿಶ್ಚಿಂತರಾಗುವರು. ಈ ಎರಡು ದಾರಿಗಳೂ ತಪ್ಪೆಂಬುದು ನನ್ನ ಅಭಿಪ್ರಾಯ. ನಂಬಲರ್ಹವಾದ ಕಾರ್ಡು ಪೊಟ್ಟಣದಲ್ಲಿ ಸಿದ್ಧವಾಗಿ ದೊರೆಯುವ ವಸ್ತುವಲ್ಲ. ಕೊಂಡವನು ಪರೀಕ್ಷೆಮಾಡಿದ ಮೇಲೆ, ಅದರ ಮಿತಿಯನ್ನು ಅರಿತು ಬಳಸಿದ ಮೇಲೆ, ಅದು ನಂಬಿಕೆಗೆ ಪಾತ್ರವಾಗುತ್ತದೆ. ಹೀಗೇಕೆಂಬುದನ್ನು ತಿಳಿಯಬೇಕಾದರೆ ಕಾರ್ಡಿನೊಳಗೆ ನಡೆಯುವುದೇನೆಂಬುದನ್ನು ಮೊದಲು ನೋಡಬೇಕು.

ಬಾಗಿಲಿಲ್ಲದ ಕೋಣೆ

ಹಿಂದಿನ ಫಿಲ್ಮಿನಲ್ಲಿ ಬೆಳಕು ಬಿದ್ದೆಡೆ ಬೆಳ್ಳಿಯ ಲವಣದಲ್ಲಿ ರಾಸಾಯನಿಕ ಬದಲಾವಣೆಯುಂಟಾಗುತ್ತಿತ್ತು. ಒಮ್ಮೆ ಸಂಸ್ಕರಿಸಿದ ಫಿಲ್ಮನ್ನು ಮತ್ತೆ ಬಳಸುವಂತಿರಲಿಲ್ಲ. ಸುರುಳಿಯೊಂದು ಕೆಟ್ಟರೆ ಮೂವತ್ತಾರು ಚಿತ್ರಗಳು ಹೋಗುತ್ತಿದ್ದವು. ಮೆಮೊರಿ ಕಾರ್ಡು ಇದಕ್ಕೆ ತೀರ ಭಿನ್ನ. ಅದರಲ್ಲಿ ಬರೆಯಬಹುದು, ಅಳಿಸಬಹುದು, ಮತ್ತೆ ಬರೆಯಬಹುದು. ಉಗುರಿಗಿಂತ ತುಸು ದೊಡ್ಡದಾದ ಫಲಕದಲ್ಲಿ ಸಾವಿರಾರು ಚಿತ್ರಗಳು ಅಡಕವಾಗುತ್ತವೆ. ಆದುದರಿಂದಲೇ ಅದು ಕೆಟ್ಟಾಗ ಹೋಗುವುದೂ ಸಾವಿರಾರು ಚಿತ್ರಗಳು.

ಕಾರ್ಡಿನ ಮೂಲವಸ್ತು ಸಿಲಿಕನ್. ಅದರ ಮೇಲೆ ಕೋಟ್ಯಂತರ ಸೂಕ್ಷ್ಮ ಕೋಶಗಳನ್ನು ರಚಿಸಿರುತ್ತಾರೆ. ಒಂದೊಂದು ಕೋಶವನ್ನೂ ಬಾಗಿಲಿಲ್ಲದ ಕೋಣೆಯೆಂದು ಭಾವಿಸಬಹುದು. ಅದರ ಗೋಡೆ ವಿದ್ಯುತ್ತನ್ನು ಹರಿಯಗೊಡದ ಅವಾಹಕ ವಸ್ತುವಿನದು. ದಪ್ಪ ಸುಮಾರು ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲು. ಸಾಕಷ್ಟು ಬಲವಾದ ವಿದ್ಯುತ್ ಒತ್ತಡವನ್ನು ಹೂಡಿದಾಗ ಎಲೆಕ್ಟ್ರಾನುಗಳು ಈ ತೆಳುಗೋಡೆಯನ್ನು ಹಾಯ್ದು ಒಳಗೆ ಸೇರುತ್ತವೆ. ಒತ್ತಡವನ್ನು ತೆಗೆದರೆ ಹೊರಬರಲಾರದೆ ಅಲ್ಲೇ ಸೆರೆಯಾಗುತ್ತವೆ. ಗೋಡೆಯನ್ನು ಒಡೆಯದೆ ಗೋಡೆಯ ಆಚೆಗೆ ಹೋಗುವ ಈ ಚಮತ್ಕಾರವನ್ನು ಕ್ವಾಂಟಂ ಭೌತಶಾಸ್ತ್ರವಲ್ಲದೆ ಬೇರಾವ ಶಾಸ್ತ್ರವೂ ವಿವರಿಸಲಾರದು. ಕೋಣೆಯಲ್ಲಿ ಎಲೆಕ್ಟ್ರಾನುಗಳಿವೆಯೆ, ಇಲ್ಲವೆ, ಇದ್ದರೆ ಎಷ್ಟು ಎಂಬುದೇ ಕಾರ್ಡಿನ ಲಿಪಿ.

ಇಂತಹ ಸೆರೆಕೋಣೆಯ ಕಲ್ಪನೆಯನ್ನು 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಸ್ಜೆ ಎಂಬ ವಿಜ್ಞಾನಿಗಳು ಮುಂದಿಟ್ಟರು. ಜಪಾನಿನ ತೋಷಿಬಾ ಕಂಪೆನಿಯಲ್ಲಿದ್ದ ಫುಜಿಯೊ ಮಸುವೊಕ ಎಂಬವರು ಅದನ್ನು ಆಧರಿಸಿ, ಕೋಶಗಳ ದೊಡ್ಡ ಗುಂಪನ್ನು ಒಂದೇ ಏಟಿಗೆ ಅಳಿಸಬಲ್ಲ ಹೊಸ ಬಗೆಯ ಸ್ಮೃತಿಯನ್ನು 1984ರಲ್ಲಿ ಪ್ರಕಟಪಡಿಸಿದರು. ಅಳಿಸುವ ಆ ವೇಗ ಛಾಯಾಗ್ರಾಹಕರ ಫ್ಲಾಷ್ ದೀಪವನ್ನು ನೆನಪಿಗೆ ತರುತ್ತದೆಂದು ಅವರ ಸಹೋದ್ಯೋಗಿಯೊಬ್ಬರು ಹೇಳಿದುದರಿಂದ ಅದಕ್ಕೆ ಫ್ಲಾಷ್ ಸ್ಮೃತಿಯೆಂಬ ಹೆಸರಾಯಿತು. ಕ್ಯಾಮರಾದಿಂದ ಹೆಸರು ಪಡೆದ ವಸ್ತು ಮುಂದೆ ಕ್ಯಾಮರಾದೊಳಗೇ ಮನೆಮಾಡಿದುದು ಸೊಗಸಾದ ಕಾಕತಾಳೀಯ. ಇಂದಿನ ಕಾರ್ಡುಗಳಲ್ಲಿರುವ ನ್ಯಾಂಡ್ ಎಂಬ ದಟ್ಟವಾದ ರಚನೆ 1987ರಲ್ಲಿ ಬಂದಿತು. ನಮ್ಮ ಕ್ಯಾಮರಾಗಳಲ್ಲಿ ಹೆಚ್ಚಾಗಿ ಕಾಣುವ, 32 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲದ ಎಸ್‌ಡಿ ಕಾರ್ಡನ್ನು 1999ರಲ್ಲಿ ಮತ್ಸುಷಿತ, ಸ್ಯಾನ್‌ಡಿಸ್ಕ್ ಮತ್ತು ತೋಷಿಬಾ ಕಂಪೆನಿಗಳು ಒಟ್ಟಾಗಿ ಘೋಷಿಸಿದುವು.

ಪಾತ್ರೆಯ ಮೇಲಿನ ಗೆರೆಗಳು

ಮೊದಮೊದಲು ಒಂದು ಕೋಶದಲ್ಲಿ ಒಂದೇ ಬಿಟ್ ಇರುತ್ತಿತ್ತು. ಪಾತ್ರೆ ತುಂಬಿದೆಯೆ, ಬರಿದಾಗಿದೆಯೆ ಎಂಬುದಷ್ಟೇ ಪ್ರಶ್ನೆ. ತುಂಬಿದ ಪಾತ್ರೆಯಿಂದ ನಾಲ್ಕು ಹನಿ ಸೋರಿದರೂ ಉತ್ತರ ತಪ್ಪುತ್ತಿರಲಿಲ್ಲ. ಅಷ್ಟೇ ಸ್ಥಳದಲ್ಲಿ ಹೆಚ್ಚು ಬರೆಯಬೇಕೆಂಬ ಹಂಬಲದಿಂದ ತಯಾರಕರು ಪಾತ್ರೆಯ ಮೇಲೆ ಪಾವು, ಅಚ್ಚೇರು, ಸೇರು ಎಂಬಂತೆ ಗೆರೆಗಳನ್ನು ಎಳೆದರು. ಒಂದು ಕೋಶದಲ್ಲಿ ಎರಡು ಬಿಟ್ ಇಡಬೇಕಾದರೆ ನಾಲ್ಕು ಮಟ್ಟಗಳು ಬೇಕು. ಮೂರು ಬಿಟ್ಟಿಗೆ ಎಂಟು, ನಾಲ್ಕು ಬಿಟ್ಟಿಗೆ ಹದಿನಾರು. ಹೀಗೆ ಗೆರೆಗಳು ಹತ್ತಿರವಾದಂತೆಲ್ಲ ಕಾರ್ಡು ಅಗ್ಗವಾಯಿತು, ಅದರ ಧಾರಣಶಕ್ತಿ ಬೆಳೆಯಿತು. ಆದರೆ ಒಂದೆರಡು ಹನಿ ಸೋರಿದರೂ ಓದು ತಪ್ಪುವ ಸಂಭವವೂ ಜೊತೆಗೇ ಬೆಳೆಯಿತು.

ಇದಲ್ಲದೆ, ಎಲೆಕ್ಟ್ರಾನುಗಳು ಹಾಯ್ದಾಗಲೆಲ್ಲ ಗೋಡೆ ಅಷ್ಟಿಷ್ಟು ಸವೆಯುತ್ತದೆ. ಒಂದು ಬಿಟ್ಟಿನ ಕೋಶ ಸ್ಥೂಲವಾಗಿ ಲಕ್ಷ ಸಲ ಬರೆದು ಅಳಿಸುವುದನ್ನು ತಾಳಬಲ್ಲುದಾದರೆ, ಮೂರು ಬಿಟ್ಟಿನದು ತಾಳುವುದು ಸಾವಿರದ ಆಸುಪಾಸು. ನಾಲ್ಕು ಬಿಟ್ಟಿನದು ಕೆಲವು ನೂರು. ಸಾವಿರವೆಂದರೆ ಕಡಮೆಯಲ್ಲ, ವಾರಕ್ಕೊಮ್ಮೆ ಕಾರ್ಡನ್ನು ಪೂರ್ತಿ ತುಂಬಿಸಿ ಅಳಿಸಿದರೂ ಸಾವಿರ ಸಲವಾಗಲು ಹತ್ತೊಂಬತ್ತು ವರ್ಷಗಳು ಬೇಕು. ಹೀಗಾಗಿ ಸಾಧಾರಣ ಛಾಯಾಗ್ರಾಹಕನಿಗೆ ಸವೆತ ಅಷ್ಟಾಗಿ ಭಯಪಡಬೇಕಾದ ಶತ್ರುವಲ್ಲ. ಕಳಪೆ ಸಿಲಿಕನ್, ಕಳಪೆ ಜೋಡಣೆ ಮತ್ತು ಮೋಸ, ಈ ಮೂರೇ ಹೆಚ್ಚಿನ ಶತ್ರುಗಳು.

ಕೋಶಗಳು ಹೀಗೆ ದುರ್ಬಲವಾಗಿದ್ದರೂ ಕಾರ್ಡು ಒಟ್ಟಿನಲ್ಲಿ ನಂಬಿಕಸ್ಥವಾಗಿ ನಡೆಯುವುದು ಹೇಗೆ? ಕಾರ್ಡಿನೊಳಗೆ ಕೋಶಗಳ ಜೊತೆಗೆ ಒಂದು ಪುಟ್ಟ ಗಣಕವೂ ಇರುವುದರಿಂದ. ಅದನ್ನು ನಿಯಂತ್ರಕವೆನ್ನೋಣ. ಯಾವ ಕೋಶಗಳು ಕೆಟ್ಟಿವೆಯೆಂದು ಗುರುತಿಟ್ಟು ಬಿಡುವುದು, ಒಂದೇ ಕಡೆ ಸವೆತ ಬೀಳದಂತೆ ಬರವಣಿಗೆಯನ್ನು ಎಲ್ಲೆಡೆ ಹಂಚುವುದು, ತಪ್ಪಾಗಿ ಓದಿದ ಬಿಟ್ಟುಗಳನ್ನು ತಿದ್ದುವುದು, ಇವು ಅದರ ಕೆಲಸ. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಗಳಲ್ಲೂ ಅಕ್ಷರಗಳಲ್ಲೂ ಬರೆಯುವೆವಷ್ಟೆ? ಒಂದರಲ್ಲಿ ಮಸಿ ಚೆಲ್ಲಿದರೂ ಇನ್ನೊಂದರಿಂದ ನಿಜವನ್ನು ತಿಳಿಯಬಹುದು. ಅದರಂತೆಯೆ ನಿಯಂತ್ರಕವು ಚಿತ್ರದ ಬಿಟ್ಟುಗಳೊಡನೆ ಕೆಲವು ಹೆಚ್ಚುವರಿ ಬಿಟ್ಟುಗಳನ್ನು ಲೆಕ್ಕಹಾಕಿ ಸೇರಿಸುತ್ತದೆ. ಇದಕ್ಕಾಗಿ ಫ್ಲಾಷ್ ಸ್ಮೃತಿಗಳಲ್ಲಿ ಬಹುವಾಗಿ ಬಳಕೆಗೆ ಬಂದ ಗಣಿತಸೂತ್ರಗಳಲ್ಲೊಂದನ್ನು 1959ರಲ್ಲಿ ಫ್ರಾನ್ಸಿನ ಹೋಕೆಂಗೆಮ್ ಕಂಡುಹಿಡಿದರು. 1960ರಲ್ಲಿ ಅದನ್ನೇ ಸ್ವತಂತ್ರವಾಗಿ ಕಂಡುಹಿಡಿದವರು ಭಾರತೀಯ ಮೂಲದ ಇಬ್ಬರು ಗಣಿತಜ್ಞರು, ರಾಜಚಂದ್ರ ಬೋಸ್ ಮತ್ತು ರಾಯ್ ಚೌಧುರಿ. ಬೋಸರು ಮೊದಲು ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದವರು. ಶುದ್ಧ ಬೀಜಗಣಿತದಿಂದ ಯಾರಿಗೇನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗಳಿಗೆ, ನಿಮ್ಮ ಜೇಬಿನಲ್ಲಿರುವ ಚಿತ್ರಗಳೇ ಉತ್ತರವೆಂದು ಹೇಳಬಹುದು.

ಅಚ್ಚಾದುದು, ಅಚ್ಚಾಗದುದು

ಈಗ ಅಂಗಡಿಗೆ ಬರೋಣ. ಕಾರ್ಡಿನ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಎರಡು ಅಂಕಿಗಳು. ಒಂದು ಧಾರಣಶಕ್ತಿ, ಇನ್ನೊಂದು ವೇಗ. ಧಾರಣಶಕ್ತಿಯ ವಿಷಯದಲ್ಲಿ ಅನೇಕರಿಗೆ ಒಂದು ಅನುಮಾನ ಬರುವುದುಂಟು. 64 ಗಿಗಾಬೈಟಿನ ಕಾರ್ಡನ್ನು ಗಣಕಕ್ಕೆ ಹಾಕಿದರೆ ಅದು 59.6 ಎಂದು ತೋರಿಸಬಹುದು. ಇದು ಮೋಸವಲ್ಲ. ತಯಾರಕನು ಗಿಗಾ ಎಂದರೆ ನೂರು ಕೋಟಿ ಎಂದು ಎಣಿಸುತ್ತಾನೆ. ಕೆಲವು ಗಣಕಗಳು ಎರಡರ ಮೂವತ್ತನೆಯ ಘಾತ, ಎಂದರೆ 107,37,41,824 ಎಂದು ಎಣಿಸುತ್ತವೆ. ಭಾಗಿಸಿ ನೋಡಿದರೆ ಲೆಕ್ಕ ಸರಿಹೋಗುತ್ತದೆ.

ವೇಗದ ಅಂಕಿಯನ್ನು ಇಷ್ಟು ಸುಲಭವಾಗಿ ಕ್ಷಮಿಸುವಂತಿಲ್ಲ. ದೊಡ್ಡಕ್ಷರಗಳಲ್ಲಿ ಸೆಕೆಂಡಿಗೆ 200 ಮೆಗಾಬೈಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಓದುವ ವೇಗ, ಅದರಲ್ಲೂ ಗರಿಷ್ಠ ವೇಗ. ಎಲ್ಲೆಡೆ ಬಳಕೆಯಲ್ಲಿರುವ ಯುಎಚ್‌ಎಸ್-1 ಎಂಬ ಸಂಪರ್ಕಕ್ರಮದ ಮಿತಿಯೇ 104 ಮೆಗಾಬೈಟ್. ಅದನ್ನು ಮೀರುವ ಅಂಕಿ ತಯಾರಕನು ಹೇಳಿದ ವಿಶೇಷ ರೀಡರಿನಲ್ಲಿ ಮಾತ್ರ ನಿಜವಾಗುವುದು. ಕ್ಯಾಮರಾಕ್ಕೆ ಬೇಕಾದುದು ಬರೆಯುವ ವೇಗ, ಅದರಲ್ಲೂ ಎಂತಹ ಹೊತ್ತಿನಲ್ಲೂ ಇಳಿಯಬಾರದ ಕನಿಷ್ಠ ವೇಗ. ಅದನ್ನು ಸೂಚಿಸುವ ಗುರುತುಗಳು ಮೂಲೆಯಲ್ಲಿ ಚಿಕ್ಕದಾಗಿರುತ್ತವೆ. ಸಿ ಅಕ್ಷರದೊಳಗಿನ 10 ಮತ್ತು ಯು ಅಕ್ಷರದೊಳಗಿನ 1 ಎಂದರೆ ಸೆಕೆಂಡಿಗೆ 10 ಮೆಗಾಬೈಟ್. ಯು ಅಕ್ಷರದೊಳಗಿನ 3 ಎಂದರೆ 30. ವಿ ಅಕ್ಷರದ ಮುಂದಿನ 30, 60, 90ಗಳು ಅಷ್ಟಷ್ಟೇ ಮೆಗಾಬೈಟುಗಳು.

ಲೆಕ್ಕವೊಂದನ್ನು ಮಾಡೋಣ. ಒಳ್ಳೆಯ ಕ್ಯಾಮರಾವೊಂದು ಸೆಕೆಂಡಿಗೆ 100 ಮೆಗಾಬಿಟ್ ಪ್ರಮಾಣದಲ್ಲಿ ವಿಡಿಯೋ ತೆಗೆಯುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟ್, ಆದುದರಿಂದ 12.5 ಮೆಗಾಬೈಟ್. ಅದಕ್ಕೆ ವಿ30 ಕಾರ್ಡು ಧಾರಾಳವಾಗಿ ಸಾಕು. ವಿ90ಕ್ಕೆ ಹಲವು ಪಟ್ಟು ಹಣ ತೆರುವುದು ವ್ಯರ್ಥ. ಆದರೆ ಹಾರುವ ಹಕ್ಕಿಯನ್ನು ಹಿಡಿಯಲು ಸೆಕೆಂಡಿಗೆ ಹತ್ತು ಚಿತ್ರಗಳಂತೆ, ಒಂದೊಂದು 30 ಮೆಗಾಬೈಟಿನವು, ತೆಗೆಯುವವನಿಗೆ ಸೆಕೆಂಡಿಗೆ 300 ಮೆಗಾಬೈಟ್ ಬೇಕಾಗುತ್ತದೆ. ಕ್ಯಾಮರಾದ ಒಳಸ್ಮೃತಿ ಕೆಲವು ಸೆಕೆಂಡು ಅದನ್ನು ತಡೆದುಕೊಂಡೀತು. ಆಮೇಲೆ ಕಾರ್ಡು ನಿಧಾನವಾದರೆ ಕ್ಯಾಮರಾ ನಿಂತು ಕಾಯಬೇಕಾಗುವುದು. ಇಂತಹವನಿಗೆ ವೇಗ ನಿಜವಾಗಿಯೂ ಅಗತ್ಯ. ತನ್ನ ಕೆಲಸದ ಲೆಕ್ಕವನ್ನು ತಾನು ಮಾಡದೆ ವೇಗವನ್ನು ಕೊಳ್ಳುವವನು ಬೇರೊಬ್ಬನ ಅಳತೆಗೆ ಅಂಗಿ ಹೊಲಿಸಿಕೊಂಡಂತೆ.

ಇಷ್ಟೆಲ್ಲ ಗುರುತುಗಳ ನಡುವೆ ಅಚ್ಚಾಗದೆ ಉಳಿದುದೊಂದಿದೆ. ಕಾರ್ಡಿನ ಕೋಶ ಎಷ್ಟು ಬಿಟ್ಟಿನದು? ಎಷ್ಟು ಸಲದ ಬರಹವನ್ನು ತಾಳೀತು? ಬರೆದುದನ್ನು ಎಷ್ಟು ವರ್ಷ ಹಿಡಿದಿಟ್ಟುಕೊಂಡೀತು? ಸಾಮಾನ್ಯ ಕಾರ್ಡಿನ ಮೇಲೆ ಇವುಗಳಲ್ಲಿ ಒಂದನ್ನೂ ಕಾಣೆವು. ವೇಗವನ್ನು ಕೂಗಿ ಹೇಳುವ ಕಾರ್ಡು ವಿಶ್ವಾಸದ ವಿಷಯದಲ್ಲಿ ಮೌನವಾಗಿರುತ್ತದೆ. ಹೇಳಲು ಸಾಧ್ಯವಿಲ್ಲವೆಂದಲ್ಲ. ಎಡೆಬಿಡದೆ ವಿಡಿಯೋ ಬರೆಯುವ ಕಾವಲು ಕ್ಯಾಮರಾಗಳಿಗೆಂದು ತಯಾರಾದ ಕಾರ್ಡುಗಳಲ್ಲಿ ಕೆಲವಕ್ಕೆ ಇಷ್ಟು ಸಾವಿರ ಗಂಟೆಗಳ ಬಾಳಿಕೆಯೆಂದು ತಯಾರಕರೇ ಸೂಚಿಸುವುದುಂಟು. ಅಲ್ಲಿ ಸಾಧ್ಯವಾದುದು ಎಲ್ಲ ಕಾರ್ಡುಗಳಲ್ಲೂ ಸಾಧ್ಯವಾಗಬೇಕು. ಅಕ್ಕಿಯ ಪೊಟ್ಟಣದ ಮೇಲೆ ತೂಕವನ್ನು ನಮೂದಿಸಬೇಕೆಂದು ಕಾನೂನು ಕಡ್ಡಾಯಮಾಡಿರುವ ದೇಶದಲ್ಲಿ, ಜನರ ನೆನಪುಗಳನ್ನು ಹೊರುವ ವಸ್ತುವಿನ ಬಾಳಿಕೆಯನ್ನು ನಮೂದಿಸಿರೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಜೀವಾವಧಿ ಭರವಸೆಯೆಂಬ ಮಾತು ಕೆಲವು ಪೊಟ್ಟಣಗಳ ಮೇಲಿರುತ್ತದೆ, ನಿಜ. ಆದರೆ ಕೆಟ್ಟ ಕಾರ್ಡಿಗೆ ಬದಲು ಹೊಸ ಕಾರ್ಡನ್ನು ಕೊಡುವೆವೆಂಬುದಷ್ಟೇ ಅದರ ಅರ್ಥ. ಹೋದ ಚಿತ್ರಗಳಿಗೆ ಬದಲಿಲ್ಲ.

ಎಂಟು ಕೋಣೆಯ ಛತ್ರ

ಕುಟ್ಟದಲ್ಲಿ ನಡೆದ ಮೋಸದ ಮರ್ಮವನ್ನು ಈಗ ಬಿಡಿಸಬಹುದು. ಕಾರ್ಡಿನ ಧಾರಣಶಕ್ತಿ ಎಷ್ಟೆಂದು ಕ್ಯಾಮರಾ ತಾನಾಗಿ ಅಳೆಯುವುದಿಲ್ಲ. ಕಾರ್ಡಿನ ನಿಯಂತ್ರಕವನ್ನು ಕೇಳುತ್ತದೆ. ನಿಯಂತ್ರಕವಾದರೋ ತನಗೆ ಕಲಿಸಿದುದನ್ನು ಹೇಳುತ್ತದೆ. ಕೆಲವು ಕಾರ್ಡುಗಳ ನಿಯಂತ್ರಕಗಳಿಗೆ ಹೊಸ ಪಾಠವನ್ನು ಕಲಿಸಲು ಸಾಧ್ಯವೆಂಬುದನ್ನು ಆಂಡ್ರ್ಯೂ ಹುವಾಂಗ್ ಮತ್ತು ಶಾನ್ ಕ್ರಾಸ್ ಎಂಬ ಎಂಜಿನಿಯರುಗಳು 2013ರ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸಮ್ಮೇಳನವೊಂದರಲ್ಲಿ ಪ್ರಯೋಗಸಹಿತ ತೋರಿಸಿಕೊಟ್ಟರು. ಮೋಸಗಾರನು ಎಂಟು ಗಿಗಾಬೈಟಿನ ಕಾರ್ಡಿಗೆ 128 ಎಂದು ಹೇಳುವಂತೆ ಕಲಿಸುತ್ತಾನೆ.

ಎಂಟೇ ಕೋಣೆಗಳಿರುವ ಛತ್ರವೊಂದರ ಲೆಕ್ಕದ ಪುಸ್ತಕದಲ್ಲಿ 128 ಕೋಣೆಗಳಿವೆಯೆಂದು ಬರೆದಿರುವುದಾಗಿ ಊಹಿಸಿಕೊಳ್ಳಿ. ಮೊದಲ ಎಂಟು ಮಂದಿಗೆ ಸರಿಯಾಗಿಯೇ ಕೋಣೆ ಸಿಗುವುದು. ಒಂಬತ್ತನೆಯವನು ಬಂದಾಗ ಗುಮಾಸ್ತನು ಅವನ ಹೆಸರನ್ನು ಬರೆದುಕೊಳ್ಳುತ್ತಾನೆ. ಆಮೇಲೆ ಮೊದಲ ಕೋಣೆಗೆ ನುಗ್ಗಿಸಿ ಅಲ್ಲಿದ್ದವನನ್ನು ಹೊರದೂಡುತ್ತಾನೆ, ಇಲ್ಲವೆ ಬಂದವನನ್ನೇ ಹಿತ್ತಲ ಬಾಗಿಲಿನಿಂದ ಸಾಗಹಾಕುತ್ತಾನೆ. ಪುಸ್ತಕದಲ್ಲಿ ಮಾತ್ರ ಎಲ್ಲರ ಹೆಸರೂ ಇರುವುದು. ನಮ್ಮ ಹುಡುಗರ ಕಾರ್ಡು ಎರಡನೆಯ ಬಗೆಯದು. ಚಿತ್ರಗಳ ಹೆಸರುಗಳು ಉಳಿದು ಚಿತ್ರಗಳು ಇಲ್ಲವಾದುದಕ್ಕೆ ಕಾರಣ ಇದೇ. ಚಿತ್ರ ತೆಗೆದ ಕೂಡಲೆ ಕ್ಯಾಮರಾದ ತೆರೆಯ ಮೇಲೆ ಮೂಡಿದ ಬಳೆಯೂ ಮೋಸಕ್ಕೆ ನೆರವಾಯಿತು. ಆ ಕ್ಷಣದ ಚಿತ್ರ ಬಂದುದು ಕ್ಯಾಮರಾದ ಒಳಸ್ಮೃತಿಯಿಂದ. ಅದು ಕಾರ್ಡಿಗೆ ಇಳಿಯಿತೆಂಬುದಕ್ಕೆ ಅದು ಸಾಕ್ಷಿಯಲ್ಲ.

ಈ ಮೋಸವನ್ನು ಬಯಲಿಗೆಳೆಯುವ ಪರೀಕ್ಷೆ ಬಹು ಸರಳ. ಕಾರ್ಡನ್ನು ಅಂಚಿನವರೆಗೂ ತುಂಬಬೇಕು. ಅನಂತರ ತುಂಬಿದುದನ್ನೆಲ್ಲ ಓದಿ, ಬರೆದುದರೊಡನೆ ಹೋಲಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಎಲ್ಲ ಕಡೆಯೂ ಒಂದೇ ಬರಹವನ್ನು ತುಂಬಿದರೆ ಪ್ರಯೋಜನವಿಲ್ಲ. ಮೊದಲ ಕೋಣೆಯಲ್ಲಿರುವುದೂ ಒಂಬತ್ತನೆಯ ಕೋಣೆಯಲ್ಲಿರಬೇಕಾದುದೂ ಒಂದೇ ಆಗಿದ್ದರೆ ಕಳ್ಳ ಗುಮಾಸ್ತನು ಸುಲಭವಾಗಿ ಪಾರಾಗುವನು. ಒಂದೊಂದು ಕೋಣೆಯಲ್ಲೂ ಬೇರೆ ಬೇರೆ ಬರಹವಿರಬೇಕು. ಈ ಕೆಲಸವನ್ನು ಮಾಡುವ ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. 128 ಗಿಗಾಬೈಟಿನ ಕಾರ್ಡಿನಲ್ಲಿ ಸೆಕೆಂಡಿಗೆ 30 ಮೆಗಾಬೈಟಿನಂತೆ ಬರೆಯಲು ಸುಮಾರು 71 ನಿಮಿಷ, 90ರಂತೆ ಓದಲು 24 ನಿಮಿಷ. ಒಟ್ಟು ಒಂದೂವರೆ ಗಂಟೆಗೆ ತುಸು ಹೆಚ್ಚು. ಕಾರ್ಡಿನ ಆಯುಸ್ಸಿನ ಸಾವಿರ ಸಲಗಳಲ್ಲಿ ಒಂದು ಸಲ ಇದಕ್ಕೆ ವೆಚ್ಚವಾಗುತ್ತದೆ. ಇಷ್ಟನ್ನು ಮಾಡದೆ ಮರಳಿ ಬಾರದ ದೃಶ್ಯದ ಮುಂದೆ ನಿಲ್ಲುವುದು ನನ್ನ ದೃಷ್ಟಿಯಲ್ಲಿ ಅವಿವೇಕ.

ಪರೀಕ್ಷೆಗೆ ಮೊದಲು ಕಣ್ಣಿನಿಂದಲೂ ಸ್ವಲ್ಪ ಕೆಲಸವಿದೆ. ನಮ್ಮ ದೇಶದ 2009ರ ಕಾನೂನುಬದ್ಧ ಮಾಪನ ಅಧಿನಿಯಮ ಮತ್ತು ಅದರ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ತಯಾರಕನ ಅಥವಾ ಆಮದು ಮಾಡಿದವನ ಹೆಸರು, ವಿಳಾಸ, ಗರಿಷ್ಠ ಮಾರಾಟದ ಬೆಲೆ ಮುಂತಾದುವು ಇರಬೇಕು. ಅವಿಲ್ಲದ ಪೊಟ್ಟಣವನ್ನು ಮುಟ್ಟದಿರುವುದು ಲೇಸು. ರಸೀದಿ ಕೊಡಲೊಲ್ಲದ ಅಂಗಡಿಯನ್ನೂ ಬಿಡಬೇಕು. ಮಾರುಕಟ್ಟೆಯ ಬೆಲೆಯ ಕಾಲುಭಾಗಕ್ಕೆ ಪ್ರಸಿದ್ಧ ಕಂಪೆನಿಯ ಕಾರ್ಡು ದೊರೆತರೆ ಹರ್ಷಪಡುವ ಬದಲು ಸಂಶಯಪಡಬೇಕು. ಆದರೆ ಬೆಲೆಯೊಂದೇ ಸಾಕ್ಷಿಯಲ್ಲ. ನಕಲು ಮಾಡುವವನು ಪೊಟ್ಟಣವನ್ನೂ ನಕಲು ಮಾಡಬಲ್ಲ, ಬೆಲೆಯನ್ನೂ ಏರಿಸಬಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಪೊಟ್ಟಣ ಸುಳ್ಳು ಹೇಳಬಹುದು, ಅಂಗಡಿಯವನು ತಾನೇ ಮೋಸಹೋಗಿರಬಹುದು. ತುಂಬಿಸಿ ಓದಿದ ಪರೀಕ್ಷೆ ಮಾತ್ರ ಸುಳ್ಳು ಹೇಳದು.

ಒಂದು ದೊಡ್ಡದೊ, ಎರಡು ಸಣ್ಣವೊ?

ಇಲ್ಲಿಯೇ ಒಂದು ಆಕ್ಷೇಪಣೆ ಬರಬಹುದು. ಪರೀಕ್ಷೆಯಲ್ಲಿ ತೇರ್ಗಡೆಯಾದ ಕಾರ್ಡು ನಾಳೆಯೂ ಕೆಡುವುದಿಲ್ಲವೆಂದು ಯಾರು ಹೇಳಬಲ್ಲರು? ಯಾರೂ ಹೇಳಲಾರರು. ಪರೀಕ್ಷೆ ಮೋಸವನ್ನೂ ಹುಟ್ಟಿನಲ್ಲೇ ಇರುವ ದೋಷವನ್ನೂ ಹೊರಗೆಡಹುತ್ತದೆ, ಅಷ್ಟೆ. ಆದಕಾರಣ ಆಯ್ಕೆಯ ಮಾತು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಒಂದು ದೊಡ್ಡ ಕಾರ್ಡನ್ನು ಕೊಳ್ಳುವುದು ಮೇಲೊ, ಎರಡು ಸಣ್ಣ ಕಾರ್ಡುಗಳನ್ನೊ?

ಪ್ರವಾಸವೊಂದರಲ್ಲಿ ಕಾರ್ಡೊಂದು ಕೆಡುವ ಸಂಭವ ನೂರಕ್ಕೆ ಒಂದು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನಿಜವಾದ ಅಂಕಿ ಏನೇ ಇರಲಿ, ತರ್ಕ ಬದಲಾಗದು. ಒಂದೇ ದೊಡ್ಡ ಕಾರ್ಡಿದ್ದರೆ ಎಲ್ಲ ಚಿತ್ರಗಳನ್ನೂ ಕಳೆದುಕೊಳ್ಳುವ ಸಂಭವ ನೂರರಲ್ಲಿ ಒಂದು. ಚಿತ್ರಗಳನ್ನು ಎರಡು ಕಾರ್ಡುಗಳಿಗೆ ಹಂಚಿದರೆ ಎಲ್ಲವನ್ನೂ ಕಳೆದುಕೊಳ್ಳುವ ಸಂಭವ ಹತ್ತು ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ. ಆದರೆ ಅರ್ಧವನ್ನು ಕಳೆದುಕೊಳ್ಳುವ ಸಂಭವ ನೂರರಲ್ಲಿ ಸುಮಾರು ಎರಡಕ್ಕೆ ಏರುತ್ತದೆ. ಅಂತೂ ಹಂಚಿಕೆಯಿಂದ ಸರಾಸರಿ ನಷ್ಟವೇನೂ ತಗ್ಗುವುದಿಲ್ಲ; ಸರ್ವನಾಶ ಮಾತ್ರ ದೂರವಾಗುತ್ತದೆ. ಇನ್ನು ಕೆಲವು ಕ್ಯಾಮರಾಗಳಲ್ಲಿ ಎರಡು ಕಾರ್ಡುಗಳಿಗೆ ಸ್ಥಳವಿದ್ದು, ಒಂದೊಂದು ಚಿತ್ರವನ್ನೂ ಎರಡರಲ್ಲೂ ಬರೆಯುವ ಏರ್ಪಾಡಿರುತ್ತದೆ. ಆಗ ಯಾವುದೇ ಚಿತ್ರ ಹೋಗಬೇಕಾದರೂ ಎರಡೂ ಕೆಡಬೇಕು. ಸರಾಸರಿ ನಷ್ಟವೂ ಹತ್ತು ಸಾವಿರದಲ್ಲಿ ಒಂದಕ್ಕೆ ಇಳಿಯುವುದು ಈ ಪ್ರತಿಯ ಮಾರ್ಗದಲ್ಲಿ ಮಾತ್ರ. ಈ ಗುಣಾಕಾರ ಸರಿಯಾಗಬೇಕಾದರೆ ಎರಡು ಕಾರ್ಡುಗಳ ಅದೃಷ್ಟ ಒಂದಕ್ಕೊಂದು ಸಂಬಂಧಪಡದೆ ಇರಬೇಕೆಂಬುದನ್ನು ಮರೆಯಬಾರದು. ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ತಂಡದ ಕಾರ್ಡುಗಳು ಒಟ್ಟಿಗೇ ದೋಷಯುಕ್ತವಾಗಿರಬಹುದು. ಎರಡೂ ಒಂದೇ ಚೀಲದಲ್ಲಿದ್ದರೆ ಚೀಲದೊಡನೆ ಎರಡೂ ಹೋದಾವು.

ಇದರಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ಅತ್ಯುತ್ತಮವಾದ ಒಂದು ಕಾರ್ಡಿಗಿಂತ ಪರೀಕ್ಷಿತವಾದ ಎರಡು ಸಾಧಾರಣ ಕಾರ್ಡುಗಳು ಮೇಲು. ಅವೆರಡಕ್ಕಿಂತಲೂ ಮೇಲಾದುದು ಪ್ರತಿ. ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಅವುಗಳಲ್ಲೊಂದು ಬೇರೊಂದು ಮನೆಯಲ್ಲಿರಲಿ ಎಂಬ ಸೂತ್ರವನ್ನು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದರು. ವಿದ್ಯಾರ್ಥಿಗೆ ಇಷ್ಟೆಲ್ಲ ಅನುಕೂಲವಿಲ್ಲದಿದ್ದರೂ, ಅಂದಿನ ಚಿತ್ರಗಳನ್ನು ಅಂದೇ ರಾತ್ರಿ ಇನ್ನೊಂದೆಡೆಗೆ ಇಳಿಸಿ, ತೆರೆದು ನೋಡಿ, ಅನಂತರವೇ ಕಾರ್ಡನ್ನು ಅಳಿಸುವ ಪದ್ಧತಿಗೆ ಹಣ ಬೇಕಾಗಿಲ್ಲ.

ಕಾರ್ಡು ಚಿತ್ರಗಳನ್ನು ಹೊತ್ತು ತರುವ ವಾಹನವೇ ಹೊರತು ಕೂಡಿಡುವ ಕಣಜವಲ್ಲ. ಕೋಣೆಯ ಗೋಡೆಯ ಮೂಲಕ ಎಲೆಕ್ಟ್ರಾನುಗಳು ಕಾಲಕ್ರಮದಲ್ಲಿ ಸೋರುತ್ತವೆ. ಶಾಖ ಹೆಚ್ಚಿದಷ್ಟೂ ಬೇಗ ಸೋರುತ್ತವೆ. ಸವೆದ ಗೋಡೆಯಿಂದ ಮತ್ತಷ್ಟು ಬೇಗ. ಬಿಸಿಲಿನಲ್ಲಿ ನಿಂತ ಮೋಟಾರಿನೊಳಗೆ ಕಾರ್ಡನ್ನು ಬಿಡುವುದೂ, ಮದುವೆಯ ಚಿತ್ರಗಳನ್ನು ಹತ್ತು ವರ್ಷ ಕಾರ್ಡಿನಲ್ಲಿಯೇ ಬೀರುವಿನಲ್ಲಿಡುವುದೂ ಒಳ್ಳೆಯದಲ್ಲ. ಬರೆಯುತ್ತಿರುವ ಸೂಚನೆಯ ದೀಪ ಉರಿಯುತ್ತಿರುವಾಗ ಕಾರ್ಡನ್ನು ಕೀಳಬಾರದು. ಹೊಸ ಕಾರ್ಡನ್ನು ಬಳಸುವ ಕ್ಯಾಮರಾದಲ್ಲಿಯೇ ಫಾರ್ಮ್ಯಾಟ್ ಮಾಡಬೇಕು. ಚಿತ್ರಗಳನ್ನು ಅಕಸ್ಮಾತ್ತಾಗಿ ಅಳಿಸಿಬಿಟ್ಟರೆ ಆ ಕಾರ್ಡಿನಲ್ಲಿ ಮತ್ತೇನನ್ನೂ ಬರೆಯದೆ ತೆಗೆದಿಡಬೇಕು. ಅಳಿದುದು ಬಹುವೇಳೆ ಲೆಕ್ಕದ ಪುಸ್ತಕದೊಳಗಿನ ಹೆಸರಷ್ಟೇ. ಕೋಣೆಯಲ್ಲಿ ಚಿತ್ರವಿನ್ನೂ ಇರುವುದರಿಂದ ತಕ್ಕ ತಂತ್ರಾಂಶದಿಂದ ಹೊರತೆಗೆಯುವ ಆಸೆಯುಂಟು. ಒಮ್ಮೆ ಕಾರಣವಿಲ್ಲದೆ ದೋಷ ತೋರಿಸಿದ ಕಾರ್ಡಿಗೆ ಎರಡನೆಯ ಅವಕಾಶ ಕೊಡಬಾರದು.

ವಿದ್ಯಾರ್ಥಿಮಿತ್ರರಿಗೆ ಕೊನೆಯದಾಗಿ ಒಂದು ಮಾತು. ವಿಜ್ಞಾನವೆಂದರೆ ಪ್ರಯೋಗಶಾಲೆಯಲ್ಲಿ ಗಂಟೆ ಹೊಡೆದಾಗ ಆರಂಭವಾಗಿ ಗಂಟೆ ಹೊಡೆದಾಗ ಮುಗಿಯುವ ವಿಷಯವೆಂದು ನಾವು ತಿಳಿದಿದ್ದೇವೆ. ತಕ್ಕಡಿಯ ಮೇಲೆ ಏನನ್ನಾದರೂ ಇಡುವ ಮೊದಲು ಅದರ ಮುಳ್ಳು ಸೊನ್ನೆಯಲ್ಲಿದೆಯೆ ಎಂದು ನೋಡಬೇಕೆಂದು ಗುರುಗಳು ಕಲಿಸಿದುದನ್ನು ಅಂಗಡಿಗೆ ಬಂದಾಗ ಮರೆಯುತ್ತೇವೆ. ಕಾರ್ಡಿನ ಮೇಲೆ ಅಚ್ಚಾದ ಅಂಕಿ ಬೇರೊಬ್ಬನ ಪ್ರತಿಪಾದನೆ. ಅದನ್ನು ಪರೀಕ್ಷಿಸುವ ಹಕ್ಕೂ ಕರ್ತವ್ಯವೂ ಬಳಸುವವನವು. ಹಣವಂತನು ಕೆಟ್ಟ ಕಾರ್ಡನ್ನು ಎಸೆದು ಹೊಸದನ್ನು ಕೊಂಡಾನು. ಕಷ್ಟಪಟ್ಟು ಕೂಡಿಟ್ಟ ಹಣದಿಂದ ಒಂದೇ ಕಾರ್ಡನ್ನು ಕೊಳ್ಳುವ ಹುಡುಗನಿಗೆ, ಹುಡುಗಿಗೆ, ಈ ಪರೀಕ್ಷೆಯೇ ಐಶ್ವರ್ಯ.

2031ನೆಯ ಮೇ 21ರಂದು ಇನ್ನೊಂದು ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ಮೇಲೆ ಹಾದುಹೋಗಲಿದೆ. ಅಂದಿನ ನಾಲ್ವರು ಈಗ ನಾಲ್ಕು ಊರುಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅಂದು ಮದುರೆಯ ಕಡೆ ಎಲ್ಲರೂ ಸೇರಬೇಕೆಂದು ಈಗಲೇ ಮಾತಾಗಿದೆ. ಅವರಲ್ಲೊಬ್ಬನು ಕಳೆದ ತಿಂಗಳು ಬರೆದ ಕಾಗದದಲ್ಲಿ, ಹೊಸ ಕಾರ್ಡೊಂದನ್ನು ಕೊಂಡುದಾಗಿಯೂ, ಪೂರ್ತಿ ತುಂಬಿಸಿ ಓದಿ ನೋಡಿದುದಾಗಿಯೂ, ಒಂದು ಬಿಟ್ಟೂ ತಪ್ಪಿಲ್ಲವೆಂದೂ ತಿಳಿಸಿದ್ದಾನೆ. ಕೆಳಗೆ ಒಂದು ಸಾಲನ್ನು ಸೇರಿಸಿದ್ದಾನೆ: ಆದರೂ ಎರಡನೆಯದೊಂದನ್ನು ಬೇರೆ ಅಂಗಡಿಯಿಂದ ಕೊಳ್ಳುವವನಿದ್ದಾನಂತೆ.